ಉಸಿರಿನ ಸಪ್ಪಳ

ಕಣ್ಣು ಮುಚ್ಚಿ ಉಸಿರನ್ನೇ ಗಮನಿಸಿ ಅಂದರೆ ಎಲ್ಲರಿಗೂ ಸಮಾಧಾನ ಆಗುತ್ತದಂತೆ. ನನಗೆ ಎದೆ ಡವಡವ ಅನ್ನುತ್ತದೆ. ಹೋದ ಚಳಿಗಾಲ ನ್ಯುಮೋನಿಯಾ ಆಗಿ ಆಸ್ಪತ್ರೆಯಲ್ಲಿ ಮಲಗಿ ಎದ್ದಾಗಿನಿಂದ ಹೀಗೆ. ‘ಲಂಗ್ಸ್ ಕ್ಲಿಯರ್ ಅವ, ಆರಾಮ ಹಾಡ್ರಿ’ ಅಂದರು ಡಾಕ್ಟರು. ಆದರೂ ಉಸಿರಿನ ಕಡೆ ಗಮನ ಹೋಯಿತೋ, ಮುಂದಿನದು ಬರದಿದ್ದರೆ ಏನು ಗತಿ ಎಂಬ ದಿಗಿಲು ಹತ್ತುತ್ತದೆ.

ನಾನು ಹಾಡು ಕಲಿಯಲು ಸೇರಿದ್ದೇ ರಿಟೈರ್ ಆದ ಮೇಲೆ. ಕಲಬುರಗಿಯಲ್ಲಿ ಶರಣಬಸವೇಶ್ವರ ಗುಡಿಯ ಹತ್ತಿರದ ಓಣಿಯೊಂದರಲ್ಲಿ ನಮ್ಮ ಮಾಸ್ತರ ಕ್ಲಾಸು. ಉಳಿದವರೆಲ್ಲ ಕಾಲೇಜು ಹುಡುಗಿಯರು. ಸ್ಟೇಜ್ ಹತ್ತಿದರೆ ಇವರ ಕೈಕಾಲು ತಣ್ಣಗಾಗುತ್ತವೆ ಅಂತ ಮಾಸ್ತರು ಶನಿವಾರಕ್ಕೊಮ್ಮೆ ಯೋಗದ ಮೇಡಂ ಒಬ್ಬರನ್ನು ಕರೆಸತೊಡಗಿದರು. ಮೇಡಂ ಅದಕ್ಕೆ ಮೈಂಡ್‌ಫುಲ್‌ನೆಸ್ ಅನ್ನುತ್ತಿದ್ದರು. ಮಾಸ್ತರು ‘ಸುಮ್ಮನ ಕೂಡೂದು’ ಅನ್ನುತ್ತಿದ್ದರು.

ಅದರಲ್ಲಿ ಭ್ರಾಮರಿ ಒಂದು ನನಗೆ ಹಿಡಿಸಿತ್ತು. ಹೆಬ್ಬೆರಳಿನಿಂದ ಕಿವಿ ಮುಚ್ಚಿ ದುಂಬಿಯ ಹಾಗೆ ಗುಂಯ್ ಅನ್ನುವುದು. ಸದ್ದು ಇರುವ ತನಕ ಉಸಿರೂ ಇದೆಯಲ್ಲ, ಅದೊಂದು ಧೈರ್ಯ. ಅವರವರ ಸ್ವರದಲ್ಲಿ ಮಾಡಿ ಅನ್ನುತ್ತಿದ್ದರು ಮೇಡಂ. ಹಾಡು ಕಲಿಯುವವರಿಗೆ ಅದು ಆಗುವ ಮಾತೇ? ಪಕ್ಕದವರೊಂದಿಗೆ ಬೇಸೂರಾದರೆ ಜೀವ ತಡೆಯುವುದಿಲ್ಲ. ಹೆಬ್ಬೆರಳು ಸಡಿಲಿಸಿ ಕದ್ದು ಕೇಳಿಯೇ ಕೇಳುತ್ತೇವೆ. ನನ್ನ ಷಡ್ಜ ಹುಡುಗಿಯರದಕ್ಕಿಂತ ಬಹಳ ಕೆಳಗೆ. ಕೋಟೆಯ ಕಡೆಯಿಂದ ಬರುವ ಹುಡುಗಿಯೊಬ್ಬಳು ನನ್ನ ಪಕ್ಕ ಕೂಡುತ್ತಿದ್ದಳು. ಮನೆಯಲ್ಲಿ ದಖನಿ ಉರ್ದು ಮಾತು, ನನಗೆ ನಾನಿ, ಅಂದರೆ ಅಜ್ಜಿ, ಅನ್ನುತ್ತಿದ್ದಳು. ಗುಂಯ್ಗುಡುತ್ತ ಪ್ರತಿ ಸಲ ಜಾರಿ ಜಾರಿ ನನ್ನ ಷಡ್ಜಕ್ಕೇ ಇಳಿದುಬಿಡುತ್ತಿದ್ದಳು.

“ನಿಂದು ನೀ ಮಾಡವ್ವಾ,” ಅಂದರು ಮೇಡಂ ಒಮ್ಮೆ.

“ನಾನಿ ಅವರ ಸ್ವರ ಕೆಳಗಿನ ಮನಿ ಇದ್ದಂಗ ಅದ ರೀ ಮೇಡಂ. ಥಂಡ ಇರ್ತದ.”

ಕಮಲಾಪುರದ ಮಠವೊಂದರ ಹಾಲ್‌ನಲ್ಲಿ ನಮ್ಮ ಕ್ಲಾಸಿನವರ ಹಾಡು ಇಟ್ಟರು. ಅಲ್ಲಿ ಉಸಿರು ಕೈಕೊಟ್ಟರೆ ಹಾಡುವುದನ್ನೇ ಬಿಟ್ಟುಬಿಡುವುದು ಅಂತ ನನ್ನಷ್ಟಕ್ಕೆ ತೀರ್ಮಾನಿಸಿದ್ದೆ. ಕ್ರೂಸರ್ ಜೀಪಿನಲ್ಲಿ ದಾರಿಯುದ್ದಕ್ಕೂ ಹುಡುಗಿಯರ ಗದ್ದಲ. ನನಗೆ ಮಾತ್ರ ಚಿಕ್ಕಂದಿನಲ್ಲಿ ಕಾನ್ವೆಂಟಿನ ಕ್ವಾಯರ್‌ನಲ್ಲಿ ಹಾಡಿಸುತ್ತಿದ್ದ ಸಿಸ್ಟರ್ ನೆನಪು. ‘ಲೇಡೀಸ್ ಡು ನಾಟ್ ಗ್ಯಾಸ್ಪ್’ ಅನ್ನುತ್ತ ನಮ್ಮ ಸಾಲಿನ ಹಿಂದೆ ನಡೆದಾಡುತ್ತಿದ್ದರು. ಉಸಿರು ತೆಗೆದುಕೊಳ್ಳುವ ಸಪ್ಪಳ ಕೇಳಿದರೆ ಹೆಗಲ ಮೇಲೆ ಅವರ ಬೆರಳು ಬೀಳುತ್ತಿತ್ತು. ಇಷ್ಟು ವಯಸ್ಸಾದರೂ ಹಾಡಲು ಬಾಯಿ ತೆರೆದಾಗಲೆಲ್ಲ ಆ ಬೆರಳಿಗೆ ಕಾಯುತ್ತೇನೆ.

ಸ್ಟೇಜ್ ಹತ್ತಿದೆ. ಮೊದಲ ಆಲಾಪಕ್ಕೆ ಹಾರ್ಮೋನಿಯಂ ಇಲ್ಲ, ಬರೀ ತಂಬೂರಿ ಮೇಲೆ ಹಾಡಬೇಕು. ಅದು ಮಾಸ್ತರ ನಿಯಮ. ಹುಡುಗಿಯರ ತಂಬೂರಿ ನನ್ನ ಸ್ವರಕ್ಕೆ ಹೊಂದದು. ಹಾಗಾಗಿ ನನ್ನ ಫೋನಿನಲ್ಲೇ ತಂಬೂರಿ ಆ್ಯಪ್ ಹಾಕಿ ಮೈಕಿನ ಹತ್ತಿರ ಇಟ್ಟುಕೊಂಡಿದ್ದೆ. ಕಣ್ಣು ಮುಚ್ಚಿ ಷಡ್ಜ ಹಿಡಿದೆ. ತಂಬೂರಿ ಥಟ್ಟನೆ ನಿಂತು, ಟ್ರಿಣ್ ಟ್ರಿಣ್ ಅಂತ ಹಾಲ್ ತುಂಬ ರಿಂಗ್ ಆಯಿತು. ಹುಮನಾಬಾದಿನ ನನ್ನ ಅಕ್ಕ.

“ಮೊದಲ ಮಾತಾಡ್ರಿ ಅಮ್ಮಾರ, ಹಾಡು ಎಲ್ಲಿ ಹೋಗ್ತದ,” ಅಂದರು ಮುಂದೆ ಕೂತ ಹಿರಿಯರೊಬ್ಬರು. ಜನ ನಕ್ಕರು.

ಕಾಲ್ ಕಟ್ ಮಾಡಿದೆ, ಆದರೆ ತಂಬೂರಿ ಮರಳಲಿಲ್ಲ. ಒತ್ತಿದಲ್ಲೆಲ್ಲ ಸ್ಕ್ರೀನಿನಲ್ಲಿ ಏನೇನೋ ತೆರೆಯಿತು. ಎದೆಗೆ ಗಾಳಿ ಇಳಿಯಲೊಲ್ಲದು. ಮುಗಿಯಿತು, ಎದ್ದುಬಿಡೋಣ ಅಂತ ಕೈ ನೆಲಕ್ಕೂರಿದೆ.

ಆಗ ಸ್ಟೇಜಿನ ಮೆಟ್ಟಿಲ ಕಡೆಯಿಂದ ಗುಂಯ್ ಅಂತ ಕೇಳಿಸಿತು. ನನ್ನದೇ ಷಡ್ಜ. ಕೋಟೆ ಕಡೆಯ ಹುಡುಗಿ. ಮುಂದಿನ ಹಾಡು ಅವಳದು. ಹೆಬ್ಬೆರಳು ಕಿವಿಯಲ್ಲಿ, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಿದ್ದಳು. ಇನ್ನಿಬ್ಬರು ಹುಡುಗಿಯರೂ ಅದಕ್ಕೆ ದನಿ ಸೇರಿಸಿದರು. ಅದರ ಮೇಲೆ ಹಾಡಿದೆ. ಎರಡು ಕಡೆ ಉಸಿರು ತುಂಡಾಯಿತು, ನಡುವೆ ಎಳೆದುಕೊಂಡದ್ದು ಮೈಕಿನಲ್ಲಿ ಗರಗಸದಂತೆ ಕೇಳಿತು. ಭಯ ಹೋಗಲಿಲ್ಲ. ಹಾಡಂತೂ ಕೊನೆ ಮುಟ್ಟಿತು.

ಕೆಳಗಿಳಿದು ಅವಳ ಕೈ ಹಿಡಿದು ಥ್ಯಾಂಕ್ಯೂ ಅಂದೆ. ಅಂಗೈ ಮಂಜಿನಂತೆ ತಣ್ಣಗಿತ್ತು.

“ನಿಮ್ಮ ಸಲುವಾಗಿ ಅಲ್ಲ ನಾನಿ,” ಅಂದಳು. “ನಿಮ್ಮ ಫೋನ್ ಹೊಡಕೊಂಡಿದ್ದು ಕೇಳಿ ನಂದೇ ಜೀವ ಹಾರ್ಲಾಕತ್ತಿತ್ತು. ಕೆಳಗಿನ ಮನಿಗಿ ಹೋಗಿ ಕುಂತೆ, ಅಷ್ಟೇ. ಫೋನ್ ಬಂದ್ ಮಾಡ್ರಿ ಈಗರ.”

ಫೋನ್ ಬಂದ್ ಮಾಡಿದೆ. ಅವಳು ಮೆಟ್ಟಿಲು ಹತ್ತಿ ಮೈಕಿನ ಮುಂದೆ ಕೂತಳು. ತಂಬೂರಿ ಶುರುವಾದರೂ ಬಾಯಿ ತೆರೆಯಲಿಲ್ಲ, ನನ್ನ ಕಡೆಯೇ ನೋಡುತ್ತಿದ್ದಳು. ನಾನು ಕಿವಿಗೆ ಹೆಬ್ಬೆರಳಿಟ್ಟು ಅವಳ ಷಡ್ಜ ಹಿಡಿದೆ. ಅದು ನನಗೆ ತೀರ ಎತ್ತರ. ಬೇಗ ಉಸಿರು ತೀರಿತು. ಇನ್ನೊಂದು ತೆಗೆದುಕೊಂಡೆ, ಪಕ್ಕದವರು ತಿರುಗಿ ನೋಡುವಷ್ಟು ಸಪ್ಪಳ ಮಾಡಿ.