ಚರ್ಚಿಗೆ ಬೇಕಾಗಿದ್ದ ದಪ್ಪ ದನಿ

ಬಳೇಪೇಟೆಯಲ್ಲಿ ನಮ್ಮದು ಸಗಟು ಬಳೆ ಅಂಗಡಿ, ತಾತನ ಕಾಲದ್ದು. ಕೈಗಾಡಿ, ಸ್ಕೂಟರ್, ಜನ ಎಲ್ಲ ಒಟ್ಟಿಗೆ ನುಗ್ಗುವ ಆ ಗಲ್ಲಿಯಲ್ಲಿ ಮೆಲ್ಲಗೆ ಮಾತಾಡಿದರೆ ಯಾರಿಗೂ ಕೇಳಿಸುವುದಿಲ್ಲ. ಹಾಗಾಗಿ ನಾನು ಕೂತಲ್ಲಿಂದಲೇ ಗಲ್ಲಿಯ ಆ ತುದಿಯ ಕೈಗಾಡಿಯವನನ್ನು ಕರೆಯುತ್ತೇನೆ, ಅವನು ತಿರುಗಿ ನೋಡುತ್ತಾನೆ.

ಹೋದ ನವೆಂಬರಿನಲ್ಲಿ ಒಂದು ದಿನ ಹಾಗೇ ಕೂಗಿ ಮುಗಿಸಿದೆ. ಮಕ್ಕಳ ಡ್ಯಾನ್ಸಿಗೆಂದು ಹಸಿರು ಬಳೆ ಆರಿಸುತ್ತಿದ್ದ ಹೆಂಗಸೊಬ್ಬರು ಬಳೆ ಕೆಳಗಿಟ್ಟು ನನ್ನ ಮುಖವನ್ನೇ ನೋಡಿದರು.

"ಸರ್, ನೀವು ಹಾಡ್ತೀರಾ?"

"ಮಠದಲ್ಲಿ ಭಜನೆಗೆ ಕೂತ್ಕೋತೀನಿ, ಅಷ್ಟೇ. ಯಾಕಮ್ಮ?"

ಅವರು ಚಾಮರಾಜಪೇಟೆಯ ಒಂದು ಚರ್ಚಿನಲ್ಲಿ ಹಾಡು ಕಲಿಸುವವರಂತೆ. ಕ್ರಿಸ್‌ಮಸ್‌ಗೆ ಮುಂಚೆ ಒಂದು ಸಂಜೆ ಬೈಬಲ್ಲಿನಿಂದ ಒಂದು ಓದು, ಆಮೇಲೆ ಒಂದು ಹಾಡು, ಮತ್ತೆ ಓದು, ಮತ್ತೆ ಹಾಡು, ಹೀಗೆ ಆರಾಧನೆ ನಡೆಯುತ್ತದೆ. ಹಾಡಿಗೆ ನಾಲ್ಕು ಬಗೆಯ ದನಿ ಬೇಕು. ಎಲ್ಲಕ್ಕಿಂತ ಕೆಳಗಿನ ದನಿಗೆ, ಅದನ್ನು ಅವರು ಬೇಸ್ ಅಂದರು, ಇಬ್ಬರೇ ಗಂಡಸರಿದ್ದರು. ಅವರಲ್ಲೊಬ್ಬರು ಮಂಡಿ ಆಪರೇಷನ್ ಆಗಿ ಮಲಗಿದ್ದರು.

"ನಾವು ಲಿಂಗಾಯತರು," ಅಂದೆ.

"ನನಗೆ ಬೇಕಾಗಿರೋದು ದನಿ ಸರ್. ಶನಿವಾರ ಸಂಜೆ ಬಂದ್ಬಿಡಿ."

ಮನೆಯಲ್ಲಿ ಅವ್ವನನ್ನು ಕೇಳಿದೆ. ಎಂಬತ್ತು ದಾಟಿದ ಜೀವ, ಬೈದರೆ ಬೈಯಲಿ ಅಂದುಕೊಂಡೇ ಕೇಳಿದ್ದು. "ಹಾಡೋಕೆ ತಾನೇ ಕರೆದಿರೋದು? ಹೋಗು. ವಿಭೂತಿ ಅಳಿಸ್ಬೇಡ," ಅಂದಳು.

ಚರ್ಚಿನ ಹಿಂದಿನ ಹಾಲ್‌ನಲ್ಲಿ ಅಭ್ಯಾಸ. ನನ್ನ ಪಕ್ಕಕ್ಕೆ ಉಳಿದಿದ್ದ ಇನ್ನೊಬ್ಬ ಬೇಸ್, ರೈಲ್ವೆಯಿಂದ ರಿಟೈರ್ ಆದ ತೆಳ್ಳನೆಯ ಮನುಷ್ಯ. ಆ ಎದೆಯೊಳಗೆ ಅಂಥ ದನಿ ಎಲ್ಲಿ ಅಡಗಿತ್ತೋ. ಭಜನೆಯಲ್ಲಿ ಎಲ್ಲರದೂ ಒಂದೇ ದಾರಿ. ಇಲ್ಲಿ ಹೆಂಗಸರು ಮೇಲೆ ಏರಿಹೋದರೆ ನಾವು ಕೆಳಗೇ ನಿಲ್ಲಬೇಕು. ಕಿವಿಗೆ ಅವರ ರಾಗ ಬಿದ್ದ ಕೂಡಲೇ ನಾನು ಅದರ ಹಿಂದೆ ಹೊರಟುಬಿಡುತ್ತಿದ್ದೆ. ರೈಲ್ವೆಯವರು ಮೊಣಕೈಯಿಂದ ತಿವಿದು, "ಕೆಳಗೆ ಬನ್ನಿ, ಕೆಳಗೆ ಬನ್ನಿ," ಅನ್ನುತ್ತಿದ್ದರು. ಮನೆಯಲ್ಲಿ ಹಾಡಿಕೊಂಡರೆ ಹೆಂಡತಿ ನಗುತ್ತಿದ್ದಳು. ಒಂಟಿಯಾಗಿ ಕೇಳಿದರೆ ಅದು ಹಾಡಿನ ಹಾಗೇ ಇರಲಿಲ್ಲ.

ಮೂರನೇ ಶನಿವಾರ ಅದು ಕೂಡಿಬಂತು. ನಾಲ್ಕೂ ದನಿ ಒಂದು ಕಡೆ ಬಂದು ನಿಂತವು. ನನ್ನ ಕೆಳಗಿನ ಸ್ವರದ ಮೇಲೆ ಉಳಿದ ಮೂರೂ ಕೂತಿದ್ದು ನನಗೆ ಮೈಯಲ್ಲೇ ಗೊತ್ತಾಯಿತು. ಅವತ್ತಿಂದ ಶನಿವಾರ ಯಾವಾಗ ಬರುತ್ತದೆ ಅಂತ ಕಾಯತೊಡಗಿದೆ. ಅಂಗಡಿಯಲ್ಲಿ ಬಳೆ ಕಟ್ಟುವಾಗಲೂ ಬಾಯಲ್ಲಿ ಅದೇ ಕೆಳಗಿನ ದನಿಯ ಗುನುಗು. ಪಕ್ಕದ ಅಂಗಡಿಯವನು, "ಏನ್ ಗುರು, ಹೊಟ್ಟೆನೋವಾ?" ಅಂತ ಕೇಳಿದ.

ಆ ಸಂಜೆ ಬಂತು. ಕೊಟ್ಟ ಬಿಳಿ ನಿಲುವಂಗಿ ನನ್ನ ಹೊಟ್ಟೆಯ ಮೇಲೆ ಕೂಡಲಿಲ್ಲ, ಪಿನ್ನು ಚುಚ್ಚಿಕೊಂಡೆ. ನನ್ನ ಮದುವೆಯ ದಿನವೂ ಇಷ್ಟು ಸಡಗರ ಆಗಿರಲಿಲ್ಲ. ಹಿಂಬಾಗಿಲಿಂದ ಸಾಲಾಗಿ ಮೇಣದಬತ್ತಿ ಹಿಡಿದು ನಡೆದೆವು. ಮುಂದಿನ ಬೆಂಚಿನಲ್ಲಿ ಅವ್ವ ರೇಷ್ಮೆ ಸೀರೆ ಉಟ್ಟು, ಹಣೆತುಂಬ ವಿಭೂತಿ ಬಳಿದುಕೊಂಡು, ಪಕ್ಕದಲ್ಲಿ ನನ್ನ ಹೆಂಡತಿಯನ್ನು ಕೂರಿಸಿಕೊಂಡು ಕೂತಿದ್ದಳು.

ಒಂದೊಂದು ಓದಿಗೆ ಒಬ್ಬೊಬ್ಬರು ಎದ್ದು ಬಂದರು. ಡ್ಯೂಟಿ ಮುಗಿಸಿ ಯೂನಿಫಾರ್ಮಿನಲ್ಲೇ ಬಂದಿದ್ದ ನರ್ಸ್ ಒಬ್ಬಳು, ಛತ್ರದಲ್ಲಿ ಜಾಗವಿಲ್ಲದೆ ಮಗುವನ್ನು ಕೊಟ್ಟಿಗೆಯ ಗೋದಲಿಯಲ್ಲಿ ಮಲಗಿಸಿದ ಭಾಗವನ್ನು ಓದಿದಳು. ಕಥೆ ಗೊತ್ತಿದ್ದವರೂ ಮುಂದೇನು ಅನ್ನುವ ಹಾಗೆ ಕೇಳುತ್ತಿದ್ದರು.

ಅದರ ನಂತರದ್ದೇ ನಮ್ಮ ಕಷ್ಟದ ಹಾಡು, ಪಿಯಾನೋ ಇಲ್ಲದ್ದು. ಎರಡನೇ ಚರಣದ ಹೊತ್ತಿಗೆ ರೈಲ್ವೆಯವರ ಗಂಟಲಿಗೆ ಕೆಮ್ಮು ಹತ್ತಿತು. ಕರವಸ್ತ್ರ ಬಾಯಿಗೆ ಒತ್ತಿಕೊಂಡು ಭುಜ ಕುಲುಕುತ್ತಾ ನಿಂತರು. ಕೆಳಗೆ ನಾನೊಬ್ಬನೇ. ಹೆಂಗಸರ ರಾಗ ಮೇಲೇರುತ್ತಾ ಕೈಹಿಡಿದು ಎಳೆಯುತ್ತಿದೆ, ತಿವಿಯಲು ಮೊಣಕೈಯಿಲ್ಲ. ಹಾಡು ಕಲಿಸಿದವರು ಎಡಗೈಯನ್ನು ನೆಲದ ಕಡೆ ಚಾಚಿ, ಅಲ್ಲೇ ಇರಿ ಅನ್ನುವ ಹಾಗೆ ನನ್ನನ್ನೇ ನೋಡಿದರು. ಕಾಲು ಊರಿ ನಿಂತೆ. ಗಲ್ಲಿಯ ಆ ತುದಿ ಮುಟ್ಟುವ ದನಿಯನ್ನೆಲ್ಲ, ಕೂಗದೆ, ಆ ಕೆಳಗಿನ ಸ್ವರಕ್ಕೇ ಸುರಿದೆ. ಕಲ್ಲಿನ ಗೋಡೆ ಅದನ್ನು ಹಿಡಿದುಕೊಂಡಿತು. ಕೊನೆಯ ಸ್ವರ ಉದ್ದಕ್ಕೆ ಎಳೆಯಬೇಕಿತ್ತು. ಹಾಡು ಕಲಿಸಿದವರು ಸಾಕು ಅಂತ ಮುಷ್ಟಿ ಮುಚ್ಚುವವರೆಗೂ ಉಸಿರು ಬಂತು. ಆರಾಧನೆಯಲ್ಲಿ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ರೈಲ್ವೆಯವರು ನನ್ನ ಬೆನ್ನ ಮೇಲೆ ಕೈಯಿಟ್ಟರು, ಅಷ್ಟೆ.

ಹೊರಗೆ ಅಂಗಳದಲ್ಲಿ ಕೇಕು, ಕಾಫಿ. ಹಾಡು ಕಲಿಸಿದವರು ಬಂದು, "ಈಸ್ಟರ್‌ಗೂ ನೀವೇ," ಅಂದರು, ಕೇಳಲಿಲ್ಲ, ಹೇಳಿಯೇಬಿಟ್ಟರು. ನಾನು ಹೂಂ ಅಂದೆ. ಹೆಂಡತಿ ಕೇಕ್ ತಿನ್ನುವುದು ಬಿಟ್ಟು ನನ್ನನ್ನೇ ನೋಡುತ್ತಿದ್ದಳು.

ಅಷ್ಟರಲ್ಲಿ ಅವ್ವ ಪಾದ್ರಿಗಳನ್ನು ಹಿಡಿದು ನಿಲ್ಲಿಸಿದ್ದಳು.

"ಸ್ವಾಮಿ, ಕೊಟ್ಟಿಗೇಲಿ ಹೆತ್ತಳಲ್ಲ ಆ ತಾಯಿ, ಅವಳಿಗೆ ನೀರು ಕಾಯ್ಸಿ ಕೊಟ್ಟೋರು ಯಾರು?"

"ಅದನ್ನ ಬರೆದಿಲ್ಲಮ್ಮ."

"ಯಾರಾದ್ರೂ ಕೊಟ್ಟಿರ್ತಾರೆ."

"ಕೊಟ್ಟಿರ್ತಾರೆ," ಅಂದರು ಪಾದ್ರಿಗಳು. ಅವ್ವನ ಕೈಗೆ ಇನ್ನೊಂದು ತುಂಡು ಕೇಕು ಕೊಟ್ಟು, ತಾವೂ ಅವಳ ಪಕ್ಕದ ಕುರ್ಚಿ ಎಳೆದುಕೊಂಡು ಕೂತರು.