ಬರದುಕೊಡ್ಲೇನ್ರಿ ಎಂದ ಅಳಿಯ

ಅವನ ಎಡಗೈ ಹೆಬ್ಬೆರಳಿನ ಉಗುರು ಬುಡದವರೆಗೆ ಕಪ್ಪಗಾಗಿತ್ತು. ನೌಕಾದಳದಿಂದ ಹತ್ತು ದಿನದ ರಜೆಗೆ ಸದಲಗಾಕ್ಕೆ ಬಂದಿದ್ದ ನನ್ನ ಅಕ್ಕನ ಮಗ, ಊಟದ ಹೊತ್ತಿನಲ್ಲೂ ಆ ಕೈಯನ್ನು ಮಡಿಲಲ್ಲಿ ಮುಚ್ಚಿಟ್ಟುಕೊಳ್ಳುತ್ತಿದ್ದ.

ಸಣ್ಣವನಿದ್ದಾಗಲೇ ಅವನ ತಂದೆ ತೀರಿಕೊಂಡರು. ಡ್ರಿಲ್ ಮಾಸ್ತರನಾಗಿದ್ದ ನಾನೇ ಅವನನ್ನು ಬೆಳೆಸಿದೆ. ಐದಕ್ಕೆ ಏಳುವುದು, ಎಮ್ಮೆ ಹಿಂಡುವುದು, ಆರೂವರೆಗೆ ಓಟ. ಒಂದು ದಿನವೂ ತಪ್ಪಿಸಲಿಲ್ಲ. "ಮಾಮಾ ಸೀಟಿ ಊದಿದ್ರ ನಮ್ಮ ಎಮ್ಮಿ ಸೈತ ಸಾಲಿಗೆ ನಿಲ್ತಾವ" ಎಂದು ಡೇರಿಯಲ್ಲಿ ಎಲ್ಲರನ್ನೂ ನಗಿಸುತ್ತಿದ್ದ. ಹೆಲಿಕಾಪ್ಟರ್ ಹಾರಿಸುವ ತರಬೇತಿಗೆ ಆಯ್ಕೆಯಾದಾಗ ಚಿಕ್ಕೋಡಿಯಿಂದ ಪೇಢೆ ತಂದು ಓಣಿಗೆಲ್ಲ ಹಂಚಿದೆ.

ಗಡಿಗೆ ಸೈನ್ಯ ಹೋಗಿ ನಿಂತಿದ್ದ ವರ್ಷ ಅದು. ಇಂದು ನಾಳೆ ಯುದ್ಧ ಎನ್ನುತ್ತಿದ್ದರು. ರಜೆ ಮುಗಿಯುವ ಹಿಂದಿನ ದಿನ ದೂಧಗಂಗಾ ಹೊಳೆಯಲ್ಲಿ ಎಮ್ಮೆಯ ಮೈ ತೊಳೆಯುವಾಗ ಕೇಳಿದೆ. "ಉಗುರಿಗೆ ಏನಾತಲೇ?"

"ಹೆಲಿಕಾಪ್ಟರ್ ಸಮುದ್ರಕ್ಕ ಬಿದ್ರ ಹೊರಗ ಬರೂದು ಕಲಿಸ್ತಾರ್ರಿ. ಪೆಟ್ಟಿಗಿಯೊಳಗ ಬೆಲ್ಟ್ ಕಟ್ಟಿ ಕೂಡಿಸಿ, ನೀರಾಗ ಮುಳುಗಿಸಿ ತಲಿಕೆಳಗ ಮಾಡ್ತಾರ. ನನಗ ಕಿಡಕಿ ಸಿಗಲಿಲ್ಲ. ಕೈ ಬಡಕೊಂಡೆ." ಸ್ವಲ್ಪ ಹೊತ್ತು ಎಮ್ಮೆಯ ಬೆನ್ನು ತಿಕ್ಕಿದ. "ಅವತ್ತಿಂದ ನೀರಿನ ಮ್ಯಾಲೆ ಹೋದಕೂಡ್ಲೆ ಕೈ ನಡಗ್ತಾವ್ರಿ, ಮಾಮಾ. ಹಾರೂದು ಬ್ಯಾಡಂತ ಬರದುಕೊಟ್ರ ಕಚೇರಿ ಕೆಲಸ ಕೊಡ್ತಾರ. ಬರದುಕೊಡ್ಲೇನ್ರಿ?"

ನಮ್ಮ ಮನೆತನದಲ್ಲಿ ಸೋದರಮಾವನ ಮಾತೇ ಕಡೆಯದು. ಅವನ ಮಾತು ಕೇಳಿ ನನಗೂ ಭಯ ಹತ್ತಿತು. ಬರೆದುಕೊಡು ಎಂದು ಬಾಯಿಗೆ ಬಂದಿತ್ತು. ಆದರೆ ಮೂವತ್ತು ವರ್ಷ ಮೈದಾನದಲ್ಲಿ ಹೆದರಿದ ಹುಡುಗರಿಗೆ ಹೇಳುತ್ತ ಬಂದ ಮಾತೇ ಹೊರಬಿತ್ತು.

"ಸಾಲು ಬಿಟ್ಟು ಬರಬಾರದು."

"ಹೌದ್ರಿ" ಎಂದ. ಎಮ್ಮೆಯನ್ನು ದಂಡೆಗೆ ಹೊಡೆದ.

ಮರುದಿನ ಮಿರಜ ಸ್ಟೇಷನ್ನಿಗೆ ಗಾಡಿಗಿಂತ ಒಂದು ತಾಸು ಮೊದಲೇ ಕರೆದೊಯ್ದೆ. ಆ ತಾಸಿನಲ್ಲಿ ನನ್ನ ಮಾತನ್ನು ತಿರುಗಿ ತೆಗೆದುಕೊಳ್ಳಬಹುದಿತ್ತು. ಚಹಾ ಕುಡಿಸಿದೆ, ಟಿಕೆಟ್ಟು ಎರಡು ಸಲ ನೋಡಿದೆ. ಕಡೆಗೆ ಅವನೇ, "ನೀವು ಹೊಂಡ್ರಿ ಮಾಮಾ, ಸದಲಗಾ ಬಸ್ ತಪ್ಪತೈತಿ" ಎಂದ.

ಅಂದಿನಿಂದ ಫೋನ್ ಬಂದರೆ ಬೇರೆ ಯಾರೂ ಎತ್ತದಂತೆ ನಾನೇ ಓಡುತ್ತಿದ್ದೆ. ಇಪ್ಪತ್ಮೂರನೆಯ ದಿನ ಸುದ್ದಿ ಬಂತು. ಮುಂಜಾನೆ ತರಬೇತಿಗೆಂದು ಸಮುದ್ರದ ಮೇಲೆ ಹೋದ ಹೆಲಿಕಾಪ್ಟರ್ ಮರಳಿ ಬರಲಿಲ್ಲ. ದೇಹವೂ ಸಿಗಲಿಲ್ಲ. ನಮ್ಮಲ್ಲಿ ಸತ್ತವರಿಗೆ ಹೊಲದಲ್ಲಿ ಮಣ್ಣು ಕೊಡುತ್ತೇವೆ. ಸಮವಸ್ತ್ರವನ್ನಾದರೂ ಇಟ್ಟು ಮುಚ್ಚೋಣವೆಂದರೆ ಅಕ್ಕ ಒಪ್ಪಲಿಲ್ಲ.

ಹತ್ತು ವರ್ಷ ಅವಳೆದುರು ಒಬ್ಬನೇ ಕೂಡಲು ಅಂಜಿದೆ. ಕೊನೆಗೊಂದು ಮಧ್ಯಾಹ್ನ, ಅವಳು ಶೇಂಗಾ ಸುಲಿಯುತ್ತಿದ್ದಾಗ, ಹೊಳೆಯಲ್ಲಿ ಅವನು ಕೇಳಿದ್ದನ್ನೂ ನಾನು ಹೇಳಿದ್ದನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟೆ.

ಅಕ್ಕ ತಲೆ ಎತ್ತಲಿಲ್ಲ. "ನನ್ನ ಮುಂದೂ ಅಂದಿದ್ದ, ತಮ್ಮಾ. ತಾಯಿ ತಡದಳು ಅಂದ್ರ ಊರಾಗ ಅವಗ ಅಂಜುಬುರಕ ಅಂತಾರ. ಮಾಮಾ ತಡದ್ರ ಯಾರೂ ಏನೂ ಅನ್ನಂಗಿಲ್ಲ. ಅದಕ್ಕ ಅವತ್ತ ನಾನ ಅವನ್ನ ನಿನ್ನ ಹಿಂದ ಹೊಳಿಗೆ ಕಳಿಸಿದ್ದೆ. ನೀ ಹಾರೂದು ಬ್ಯಾಡ ಅಂತೀ ಅಂತ ತಿಳಕೊಂಡಿದ್ದೆ."