ಹೊಸ ಪೈಪಿನ ಮೊದಲ ಆರತಿ

ಅತ್ತೆ ಆರತಿ ತಟ್ಟೆ ಹಿಡಿದು ಪೈಪಿನ ಬಾಯಿಯ ಮುಂದೆ ಬಗ್ಗಿ ನಿಂತಿದ್ದರು. ನೀರು ಮಾತ್ರ ಬರಲೊಲ್ಲದು.

ಬೇವೂರಿನ ನಮ್ಮ ಹಿತ್ತಲಿನ ತುದಿಯಲ್ಲಿರುವ ನಿಂಬೆ ಗಿಡಕ್ಕೆ ಅವರು ಇಷ್ಟು ವರ್ಷ ಕೊಡದಲ್ಲೇ ನೀರು ಹೊತ್ತಿದ್ದರು. ಅವರಿಗೆ ಮೊಣಕಾಲು ನೋವು ಹೆಚ್ಚಿದ್ದರಿಂದ ನಮ್ಮ ಯಜಮಾನರು ಅಲ್ಲಿಯವರೆಗೂ ನೆಲ ಅಗೆದು ಪೈಪು ಹೂಳಿದ್ದರು. ಮೊದಲ ನೀರಿಗೆ ಗಂಗವ್ವನ ಪೂಜೆ ಆಗಲೇಬೇಕೆಂದು ಅತ್ತೆ ಪೈಪಿಗೂ ಅರಿಶಿನ ಕುಂಕುಮ ಹಚ್ಚಿದ್ದರು.

ಮೋಟರು ಹಾಕಿ ಬಂದ ಯಜಮಾನರ ಮುಖ ಸಪ್ಪಗಾಯಿತು. “ಯವ್ವಾ, ನಡುವ ಎಲ್ಲ್ಯೋ ಜಾಯಿಂಟ್ ಬಿಟ್ಟೈತಿ. ಮತ್ತ ಅಗೀಬೇಕು,” ಎಂದು ಸಲಿಕೆ ಎತ್ತಿಕೊಂಡರು.

ಅಷ್ಟರಲ್ಲಿ ಪೈಪು ಗೊರಗೊರ ಅಂದಿತು. ಒಳಗಿನಿಂದ ಒಂದು ಕಪ್ಪೆ ಛಂಗನೆ ಹಾರಿ ಆರತಿ ತಟ್ಟೆಯ ನಡುವೆ ಬಿತ್ತು! ಹಿಂದೆಯೇ ನುಗ್ಗಿದ ನೀರಿಗೆ ಆರತಿ ಆರಿತು, ಅತ್ತೆಯ ಸೀರೆ ತೊಯ್ದು ತೊಪ್ಪೆಯಾಯಿತು. ಪೈಪು ಅಂಗಳದಲ್ಲಿ ಬಿದ್ದಿದ್ದಾಗಲೇ ಕಪ್ಪೆ ಒಳಗೆ ಸೇರಿಕೊಂಡಿರಬೇಕು. ಅದನ್ನು ಎತ್ತಿ ಎಸೆಯಲು ಯಜಮಾನರು ಕೈ ಚಾಚಿದರು.

“ಮುಟ್ಟಬ್ಯಾಡ! ಗಂಗವ್ವ ತನ್ನ ಮನಿ ಮಂದೀನ ಮುಂದ ಕಳಿಸ್ಯಾಳ,” ಎಂದು ಅತ್ತೆ ಕಪ್ಪೆಗೂ ಕುಂಕುಮ ಹಚ್ಚಲು ಹೋದರು. ಅದು ಕುಪ್ಪಳಿಸಿ ನಿಂಬೆ ಗಿಡದ ಬುಡ ಸೇರಿತು.

ಈಗ ಕೊಡ ಹೊರುವ ಕೆಲಸವಿಲ್ಲ. ಆದರೂ ಅತ್ತೆ ದಿನಾ ಸಂಜೆ ಹಿತ್ತಲ ತುದಿಗೆ ಹೋಗಿ ಪೈಪಿನ ಬಾಯಿ ತಟ್ಟುತ್ತಾರೆ. “ಒಳಗ ಯಾರರ ಅದೀರೇನು? ಹೊರಗ ಬರ್ರಿ, ನೀರು ಬಿಡತೀವಿ!” ಅವರು ಕೈ ಎತ್ತಿದ ಮೇಲೆಯೇ ನಾನು ಮೋಟರು ಹಾಕುವುದು.